ಎಳೆಯುವ ಬಲ, ನಿಲ್ಲಿಸುವ ಬಲ

(ನಮ್ಮ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಮೇಜಿನ ಹಿಂದೆ ಸಾಹಿತಿಗಳೋ ಪ್ರಾಧ್ಯಾಪಕರೋ ನಿಂತು ಮಾತನಾಡುವುದು ವಾಡಿಕೆ. ನಾವಾದರೋ ಮೆಟ್ರಿಕ್‌ವರೆಗೆ ಓದಿ, ಗಿರಣಿಯ ಆಫೀಸಿನಲ್ಲಿ ಹಾಜರಿ ಪುಸ್ತಕ ಬರೆಯುವ ಗುಮಾಸ್ತರು. ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವವರು. ಇಂದು ನಮ್ಮನ್ನು ನಿಲ್ಲಿಸಿದ್ದಕ್ಕೆ ಕಾರಣ ವಿದ್ವತ್ತಲ್ಲ, ಒಂದು ರಾತ್ರಿಯ ಅನುಭವ. ಅದನ್ನು ಹೇಳದೆ ಸುಮ್ಮನಿದ್ದರೆ ತಪ್ಪಾದೀತೆಂದು ಒಪ್ಪಿಕೊಂಡೆವು.

ವಿಷಯ ತಮಗೆಲ್ಲ ಗೊತ್ತೇ ಇದೆ. ಊರ ಕಡೆಯ ಒಂದು ಶಾಲೆಗೆ ನಮ್ಮ ಸಂಘದಿಂದ ಪುಸ್ತಕಗಳನ್ನೂ ಎರಡು ಕಬ್ಬಿಣದ ಕಪಾಟುಗಳನ್ನೂ ಕಳಿಸಬೇಕಾಗಿದೆ. ಸದಸ್ಯರೊಬ್ಬರ ಹಳೆಯ ಡೀಸೆಲ್ ವ್ಯಾನಿಗೆ ಒಂದು ಟ್ರೇಲರ್ ಕಟ್ಟಿ ಒಯ್ದರೆ ಲಾರಿ ಬಾಡಿಗೆ ಉಳಿದೀತೆಂಬ ಸೂಚನೆ ಕಾರ್ಯಕಾರಿ ಸಮಿತಿಯ ಮುಂದಿದೆ. ಹೋದ ವರ್ಷ ಈ ಸೂಚನೆ ಬಂದಿದ್ದರೆ ಮೊದಲು ಕೈ ಎತ್ತುವವರು ನಾವೇ ಆಗಿರುತ್ತಿದ್ದೆವು.

ಗಾಡಿಯೊಳಗೇ ಮನೆ ಮಾಡಿಕೊಂಡು ದೇಶ ಸುತ್ತುವ ಪದ್ಧತಿ ಪಶ್ಚಿಮದ ದೇಶಗಳಲ್ಲಿ ಬಹಳ ಬೆಳೆದದ್ದು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯವರು ೧೯೫೦ರಲ್ಲಿ ಸಾಮಾನು ಸಾಗಿಸುವ ಸಣ್ಣ ವ್ಯಾನೊಂದನ್ನು ತಯಾರಿಸತೊಡಗಿದರು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಕಾರ್ಖಾನೆಯವರು ಅದರಲ್ಲಿ ಮಂಚ, ಕಪಾಟು, ಮಡಿಸುವ ಮೇಜುಗಳನ್ನು ಕೂಡಿಸಲಾರಂಭಿಸಿದರು. ಹೀಗೆ ಸಾಮಾನಿನ ಗಾಡಿ ಸಂಸಾರದ ಗಾಡಿಯಾಯಿತು. ೧೯೮೧ರ ಹೊತ್ತಿಗೆ ಅದಕ್ಕೆ ಡೀಸೆಲ್ ಎಂಜಿನ್ ಬಂದಿತು: ೧.೬ ಲೀಟರಿನದು, ಬಲ ಸುಮಾರು ೫೦ ಕುದುರೆಯದು. ಇಂದಿನ ನಮ್ಮ ಎಷ್ಟೋ ಸಣ್ಣ ಕಾರುಗಳಿಗೆ ಅದಕ್ಕಿಂತ ಹೆಚ್ಚು ಬಲವಿದೆ. ಆದರೂ ಗಾಡಿಯೂ ಸಾಮಾನೂ ಸೇರಿ ಎರಡು ಟನ್ನು ಮೀರುವ ತೂಕದೊಡನೆ ಆ ವ್ಯಾನುಗಳು ಆಲ್ಪ್ಸ್ ಪರ್ವತದ ದಾರಿಗಳನ್ನು ಏರಿವೆ. ನಿಧಾನವಾಗಿ ಏರಿದವು ಎನ್ನುವುದನ್ನು ಮಾತ್ರ ಮರೆಯಬಾರದು.

ನಮ್ಮ ಪುಣೆಗೂ ಇದಕ್ಕೂ ದೂರದ ನಂಟು ಉಂಟು. ಇಲ್ಲಿಯ ಬಜಾಜ್ ಟೆಂಪೋ ಕಂಪನಿ ೧೯೫೮ರಲ್ಲಿ ಜರ್ಮನಿಯ ಟೆಂಪೋ ಕಂಪನಿಯ ಸಹಕಾರದಿಂದ ಆರಂಭವಾದದ್ದು. ೨೦೦೫ರಲ್ಲಿ ಫೋರ್ಸ್ ಮೋಟರ್ಸ್ ಎಂದು ಹೆಸರು ಬದಲಿಸಿತು. ಅವರು ೧೯೮೭ರಲ್ಲಿ ತಂದ ಟ್ರಾವೆಲರ್ ವ್ಯಾನಿನ ವಿನ್ಯಾಸವೂ ಎಂಜಿನ್ನೂ ಜರ್ಮನಿಯ ಮರ್ಸಿಡಿಸ್ ಮೂಲದವು. ನಮ್ಮ ಸದಸ್ಯರ ವ್ಯಾನು ಅದೇ ಜಾತಿಯದು, ಬಹಳ ವರ್ಷ ದುಡಿದದ್ದು. ಹಿಂದಿನ ಸೀಟುಗಳನ್ನು ತೆಗೆದು, ಎರಡು ಕಡೆ ರೆಕ್ಸಿನ್ ಹೊದಿಸಿದ ಹಲಗೆ ಹಾಕಿ, ನೀರಿನ ಕ್ಯಾನಿಗೂ ಒಲೆಗೂ ಜಾಗ ಮಾಡಿದ್ದಾರೆ. ಈ ಬದಲಾವಣೆಗೆ ಆರ್‌ಟಿಓ ಆಫೀಸಿನ ಒಪ್ಪಿಗೆ ಪಡೆದು ಪುಸ್ತಕದಲ್ಲಿ ನಮೂದು ಮಾಡಿಸಿದ್ದಾರೆ. ೧೯೮೮ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದು ಅವಶ್ಯಕ. ಖಾಸಗಿ ಗಾಡಿಗೆ ೧೫ ವರ್ಷ ತುಂಬಿದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕೆಂಬುದೂ ಅದೇ ಕಾಯ್ದೆಯಲ್ಲಿದೆ. ಹಳೆಯ ಗಾಡಿ ಕೊಳ್ಳುವವರು ಬಣ್ಣವನ್ನು ನೋಡುವ ಮೊದಲು ಕಾಗದ ನೋಡುವುದು ಲೇಸು.

ಕಳೆದ ದಸರೆಗೆ ಆರು ಮಂದಿ ಖರ್ಚು ಹಂಚಿಕೊಂಡು ಆ ವ್ಯಾನಿನಲ್ಲಿ ಧಾರವಾಡಕ್ಕೆ ಹೊರಟೆವು. ಹಬ್ಬದ ದಿನಗಳಲ್ಲಿ ಖಾಸಗಿ ಬಸ್ಸಿನ ಬಾಡಿಗೆ ಹೇಗೆ ಏರುತ್ತದೆಂಬುದನ್ನು ತಮಗೆ ಹೇಳಬೇಕಾಗಿಲ್ಲ. ಗಾಡಿಯ ಯಜಮಾನರನ್ನು ನಾವೆಲ್ಲ ಅಣ್ಣಾರು ಎನ್ನುತ್ತೇವೆ. ಚಕ್ರ ಹಿಡಿದವರೂ ಅವರೇ.

ಖಂಬಾಟಕಿ ಘಾಟು ಏರುವಾಗ ಎಂಜಿನ್ನಿನ ಶಾಖದ ಮುಳ್ಳು ಮೇಲಕ್ಕೆ ಸರಿಯಿತು. ಅಣ್ಣಾರು ಅವಸರ ಮಾಡದೆ ಕೆಳಗಿನ ಗೇರು ಹಾಕಿ ಏರಿಸಿದರು, ಮೇಲೆ ಹೋಗಿ ನಿಲ್ಲಿಸಿ ಅರ್ಧ ಗಂಟೆ ತಣಿಯಬಿಟ್ಟರು. ರೇಡಿಯೇಟರಿನ ಮುಚ್ಚಳ ಮುಟ್ಟಗೊಡಲಿಲ್ಲ; ಕಾದಾಗ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಆ ಅರ್ಧ ಗಂಟೆಯಲ್ಲಿ ಅವರು ನಮಗೆ ಡೀಸೆಲ್ ಎಂಜಿನ್ನಿನ ಪಾಠ ಹೇಳಿದರು. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಡೀಸೆಲಿಗೆ ಬೇಡ. ಗಾಳಿಯನ್ನು ಇಪ್ಪತ್ತನೆಯ ಒಂದು ಪಾಲಿನಷ್ಟಕ್ಕೆ ಅಮುಕಿದರೆ ಅದು ತಾನೇ ಕಾಯುತ್ತದೆ. ಆ ಕಾದ ಗಾಳಿಗೆ ಎಣ್ಣೆ ಸಿಂಪಡಿಸಿದೊಡನೆ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರು ೧೮೯೭ರಲ್ಲಿ ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ಇದನ್ನು ನಡೆಸಿ ತೋರಿಸಿದನು. ಹೊಗೆಯನ್ನು ನೋಡಿಯೂ ಎಂಜಿನ್ನಿನ ನಾಡಿ ಹೇಳಬಹುದಂತೆ: ಕಪ್ಪು ಹೊಗೆ ಬಂದರೆ ಎಣ್ಣೆ ಪೂರ್ತಿ ಉರಿಯುತ್ತಿಲ್ಲ, ನೀಲಿ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು. ಟಾಂಕಿ ಬರಿದಾಗಗೊಡಬಾರದು, ಕೊಳವೆಗೆ ಗಾಳಿ ಹೊಕ್ಕರೆ ಅದನ್ನು ಹೊರಗೆ ತೆಗೆಯುವವರೆಗೆ ಎಂಜಿನ್ ಏಳದು.

ಹಬ್ಬ ಸುಖವಾಗಿ ಕಳೆಯಿತು. ತಿರುಗಿ ಹೊರಟದ್ದು ಭಾನುವಾರ ಮಧ್ಯಾಹ್ನ. ಸೋಮವಾರ ಬೆಳಿಗ್ಗೆ ಎಂಟಕ್ಕೆ ನಮಗೆ ಗಿರಣಿಯ ಹಾಜರಿ. ಸಂಕೇಶ್ವರ ದಾಟಿ, ನಿಪ್ಪಾಣಿಗೆ ಮೊದಲು ಸಿಗುವ ತವಂದಿ ಘಾಟಿನ ನೆತ್ತಿಗೆ ಬಂದಾಗ ಕತ್ತಲಾಗುತ್ತಿತ್ತು. ಅಲ್ಲಿ ರಸ್ತೆಯ ಬದಿಗೆ ಹಳೆಯ ಸಣ್ಣ ಕಾರೊಂದು ನಿಂತಿತ್ತು. ಫ್ಯಾನ್ ಬೆಲ್ಟು ಹರಿದು ಎಂಜಿನ್ ಕಾದು ಹೋಗಿತ್ತು. ವಯಸ್ಸಾದ ತಂದೆ, ಮಗ, ಸೊಸೆ, ಮಡಿಲಲ್ಲಿ ಕೂಸು. ನಮ್ಮ ಮಾತು ಕೇಳಿ ಮುದುಕರು, “ಕನ್ನಡದವ್ರೇನ್ರಿ? ದೇವ್ರು ಕಳಿಸಿದಂಗ ಬಂದ್ರಿ,” ಎಂದರು.

ಬಿಟ್ಟು ಬರಲು ಮನಸ್ಸಾಗಲಿಲ್ಲ. ತಾಯಿ ಕೂಸನ್ನು ನಮ್ಮ ವ್ಯಾನಿಗೆ ಹತ್ತಿಸಿದೆವು. ಅಣ್ಣಾರು ಹೆದ್ದಾರಿಯ ಕ್ರೇನಿಗೆ ಫೋನು ಮಾಡೋಣವೆಂದರು. ಆಗ ಮುಂದೆ ಬಿದ್ದು ಮಾತಾಡಿದವರು ನಾವು. “ಅಣ್ಣಾರ, ಕ್ರೇನ್ ಬರೂತನಕ ಕುಂತ್ರ ನಾಳಿ ಹಾಜರಿ ಹೋತು. ಇಳಕಲು ಅದ, ಹಗ್ಗ ಕಟ್ಟಿದ್ರ ತಾನ ಉರುಳ್ತದ,” ಎಂದೆವು. ಒಂದು ದಿನದ ಪಗಾರು ನಮ್ಮ ಬಾಯಿಂದ ಆ ಮಾತನ್ನಾಡಿಸಿತು. ಅಣ್ಣಾರು ಒಪ್ಪಲಾರದೆ ಒಪ್ಪಿದರು.

ಹಗ್ಗ ಕಟ್ಟಿ ಹೊರಟು ಇಳಿಜಾರು ಆರಂಭವಾದೊಡನೆ ನಮ್ಮ ತಪ್ಪು ತಿಳಿಯಿತು. ಇಳಿಯುವ ಗಾಡಿಯನ್ನು ಯಾರೂ ಎಳೆಯಬೇಕಾಗಿಲ್ಲ, ತಡೆಯಬೇಕು. ಹಗ್ಗ ಎಳೆಯಬಲ್ಲುದು, ತಡೆಯಲಾರದು. ಹಿಂದಿನ ಕಾರು ಹತ್ತಿರ ಬಂದಾಗ ಹಗ್ಗ ಸಡಿಲಾಗುವುದು, ಹಿಂದುಳಿದಾಗ ಜಗ್ಗನೆ ಬಿಗಿಯುವುದು. ಕಾರಿನ ಎಂಜಿನ್ ನಿಂತಿದ್ದರಿಂದ ಬ್ರೇಕಿಗೆ ಅದು ಕೊಡುವ ನೆರವೂ ನಿಂತಿತ್ತು. ಎರಡು ಮೂರು ಸಲ ಒತ್ತಿದ ಮೇಲೆ ಪೆಡಲು ಕಲ್ಲಿನಂತೆ ಗಟ್ಟಿಯಾಯಿತಂತೆ. ಮುಂದಿನ ತಿರುವಿನಲ್ಲಿ ಕಾರು ನಮ್ಮ ಬೆನ್ನಿಗೆ ಧಡ್ಡನೆ ಬಂದು ಬಡಿಯಿತು. ಒಳಗೆ ಕೂಸು ಚೀರಿತು. ನಮ್ಮ ಚಕ್ರಗಳಿಂದ ಸುಟ್ಟ ವಾಸನೆ ಬರತೊಡಗಿತು. ಅಣ್ಣಾರು ಬ್ರೇಕನ್ನೇ ನಂಬದೆ ಎರಡನೆಯ ಗೇರಿಗೆ ಇಳಿಸಿ, ಎಂಜಿನ್ನಿನ ತಡೆಯಿಂದಲೇ ವೇಗ ತಗ್ಗಿಸಿ, ಎಡಗಡೆಯ ಅಗಲವಾದ ಜಾಗಕ್ಕೆ ತಂದು ನಿಲ್ಲಿಸಿದರು. ನಾವು ಕೈಗೆ ಸಿಕ್ಕ ಕಲ್ಲುಗಳನ್ನು ಗಾಲಿಗಳ ಮುಂದೆ ಇಟ್ಟೆವು. ಕೈ ನಡುಗುತ್ತಿತ್ತು.

ಮುದುಕರು ಕಾರಿನಿಂದ ಇಳಿದು ಬಂದರು. ಅವರು ಬಯ್ಯುವರೆಂದು ತಿಳಿದಿದ್ದೆವು. ಅವರು ಮೆಲ್ಲಗೆ, “ತಮ್ಮಾ, ಹಗ್ಗ ಬಿಚ್ರಿ. ಏರಿನಾಗ ನೀವು ನಮ್ಮನ್ನ ಎಳೀತಿದ್ರಿ, ಖರೆ. ಇಳಕಲದಾಗ ನಾವು ನಿಮ್ಮನ್ನ ದೂಡಾಕ ಹತ್ತೇವಿ,” ಎಂದರು. ಅವರು ಜೀವನವೆಲ್ಲ ಎತ್ತಿನ ಚಕ್ಕಡಿ ಹೂಡಿದವರಂತೆ. ಇಳಿಜಾರಿನಲ್ಲಿ ಎತ್ತಿನ ಕೊರಳಿಗೆ ನೊಗ ಒತ್ತುವುದನ್ನು ಕಂಡವರಿಗೆ ಈ ವಿದ್ಯೆ ಬೇರೆ ಕಲಿಸಬೇಕಾಗಿಲ್ಲ.

೧೦೩೩ಕ್ಕೆ ಫೋನು ಮಾಡಿದೆವು. ಇದು ರಾಷ್ಟ್ರೀಯ ಹೆದ್ದಾರಿಯ ನೆರವಿನ ಸಂಖ್ಯೆ, ಎಲ್ಲರೂ ಬರೆದಿಟ್ಟುಕೊಳ್ಳಿರಿ. ಕ್ರೇನ್ ಬಂದು ಕಾರಿನ ಮುಂದಿನ ಗಾಲಿಗಳನ್ನೆತ್ತಿ ನಿಪ್ಪಾಣಿಯ ಗ್ಯಾರೇಜಿಗೆ ಒಯ್ದಿತು. ನಾವೂ ಹಿಂದೆಯೇ ನಿಧಾನವಾಗಿ ಇಳಿದೆವು. ಗ್ಯಾರೇಜು ಬೆಳಿಗ್ಗೆ ತೆರೆಯುವವರೆಗೆ ತಾಯಿ ಕೂಸಿಗೆ ವ್ಯಾನಿನ ಹಲಗೆ ಬಿಟ್ಟುಕೊಟ್ಟು ನಾವು ಹೊರಗೆ ಚಾಪೆ ಹಾಸಿದೆವು. ಚಹವನ್ನೂ ಹೊರಗೇ ಕಾಸಿದೆವು. ಮುಚ್ಚಿದ ಗಾಡಿಯಲ್ಲಿ ಒಲೆ ಹೊತ್ತಿಸಿದರೆ ವಿಷಗಾಳಿ ತುಂಬಿ ಮಲಗಿದವರು ಏಳದೆ ಹೋದಾರು. ಸೋಮವಾರದ ಪಗಾರು ಹೋಯಿತು. ಅದನ್ನು ಕಳೆದುಕೊಂಡದ್ದಕ್ಕೆ ನಮಗೆ ಈವರೆಗೆ ದುಃಖವಾಗಿಲ್ಲ. ಅದನ್ನು ಉಳಿಸಲು ಹೊರಟಿದ್ದೆವಲ್ಲ, ಅದಕ್ಕೆ ದುಃಖವಿದೆ.

ಆಮೇಲೆ ನಿಯಮಗಳನ್ನು ಕೇಳಿ ತಿಳಿದುಕೊಂಡೆವು. ಕೆಟ್ಟ ಗಾಡಿಯನ್ನು ಹತ್ತಿರದ ಗ್ಯಾರೇಜಿನವರೆಗೆ ಎಳೆಯಬಹುದು. ಎರಡರ ನಡುವಣ ಅಂತರ ೫ ಮೀಟರು ಮೀರಬಾರದು. ವೇಗ ಗಂಟೆಗೆ ೨೫ ಕಿಲೋಮೀಟರು ದಾಟಬಾರದು. ಹಿಂದಿನ ಗಾಡಿಯ ಚಕ್ರ ಹಿಡಿದವನಿಗೆ ಲೈಸೆನ್ಸಿರಬೇಕು. ಎಳೆಯುತ್ತಿದ್ದೇವೆಂಬ ಫಲಕ ಅದರ ಬೆನ್ನಿಗಿರಬೇಕು. ಅಂದು ನಮ್ಮಲ್ಲಿ ಫಲಕವಿರಲಿಲ್ಲ, ಅಂತರವನ್ನು ಅಳೆದಿರಲಿಲ್ಲ. ಇವೆಲ್ಲ ಇದ್ದರೂ ಬ್ರೇಕು ಸರಿಯಾಗಿ ಹಿಡಿಯದ ಗಾಡಿಯನ್ನು ಹಗ್ಗ ಕಟ್ಟಿ ಘಾಟು ಇಳಿಸುವುದು ಬುದ್ಧಿಯಲ್ಲ.

ಇನ್ನು ಟ್ರೇಲರಿನ ಮಾತು. ಅದಕ್ಕೆ ಹಗ್ಗವಿಲ್ಲ, ಗಟ್ಟಿ ಕೊಂಡಿಯಿದೆ ಎನ್ನಬಹುದು. ನಿಜ. ಆದರೆ ಅದರ ಭಾರವೂ ಇಳಿಜಾರಿನಲ್ಲಿ ಮುಂದಿನ ಗಾಡಿಯನ್ನು ದೂಡುವುದೇ. ಯೂರೋಪಿನಲ್ಲಿ ಒಟ್ಟು ತೂಕ ೭೫೦ ಕಿಲೋ ಮೀರಿದ ಟ್ರೇಲರಿಗೆ ಸ್ವಂತ ಬ್ರೇಕು ಇರಲೇಬೇಕು. ಮುಂದಿನ ಗಾಡಿ ನಿಧಾನವಾದಾಗ ಟ್ರೇಲರು ಕೊಂಡಿಯನ್ನು ಒತ್ತುತ್ತದೆ. ಆ ಒತ್ತಡದಿಂದಲೇ ಅದರ ಬ್ರೇಕು ಹಿಡಿಯುವಂತೆ ಮಾಡಿರುತ್ತಾರೆ. ಭಾರವನ್ನು ಹಿಂದಕ್ಕೆ ಹೇರಿದರೆ ಕೊಂಡಿ ಹಗುರಾಗಿ ಟ್ರೇಲರು ಬಾಲ ಅಲ್ಲಾಡಿಸಿದಂತೆ ಓಲಾಡುತ್ತದೆ. ನಮ್ಮ ಮುಂದಿರುವ ಟ್ರೇಲರಿಗೆ ಬ್ರೇಕಿಲ್ಲ, ನೋಂದಣಿಯೂ ಆಗಿಲ್ಲ. ಪುಸ್ತಕವೆಂದರೆ ಕಾಗದ, ಹಗುರ ಎಂದು ತಿಳಿಯಬೇಡಿರಿ. ಒಂದು ಗೋಣಿ ಪುಸ್ತಕವನ್ನು ಮೆಟ್ಟಿಲು ಹತ್ತಿಸಿದ ಸ್ವಯಂಸೇವಕರು ಇಲ್ಲೇ ಕುಳಿತಿದ್ದಾರೆ, ಕೇಳಿರಿ.

ವೇಗ ಎರಡು ಪಟ್ಟಾದರೆ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆ ಶಕ್ತಿಯೆಲ್ಲ ಬ್ರೇಕಿನಲ್ಲಿ ಶಾಖವಾಗುತ್ತದೆ. ಬ್ರೇಕಿನ ಎಣ್ಣೆ ವರ್ಷ ಕಳೆದಂತೆ ಗಾಳಿಯ ತೇವ ಹೀರುತ್ತದೆ. ಡಾಟ್ ೩ ಎಂಬ ಜಾತಿಯ ಎಣ್ಣೆ ಹೊಸದಿದ್ದಾಗ ಕನಿಷ್ಠ ೨೦೫ ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮವಿದೆ. ತೇವ ಹೀರಿದ ಮೇಲೆ ಆ ಮಿತಿ ೧೪೦ ಡಿಗ್ರಿಗೆ ಇಳಿಯುತ್ತದೆ. ಎಣ್ಣೆ ಕುದಿದು ಗುಳ್ಳೆಯೆದ್ದರೆ ಪೆಡಲು ನೆಲಕ್ಕೆ ಹೋಗುವುದು, ಗಾಡಿ ನಿಲ್ಲದು. ಹಳೆಯ ಗಾಡಿಯವರು ಎಂಜಿನ್ ಆಯಿಲನ್ನು ನೆನಪಿಟ್ಟು ಬದಲಿಸುತ್ತಾರೆ, ಇದನ್ನು ಮರೆಯುತ್ತಾರೆ.

ಆದುದರಿಂದ ಸಮಿತಿಗೆ ನಮ್ಮ ಬಿನ್ನಹ ಇಷ್ಟು. ಪುಸ್ತಕ, ಕಪಾಟುಗಳು ಲಾರಿಯಲ್ಲಿ ಹೋಗಲಿ. ಬಾಡಿಗೆಗೆ ಬೇಕಾದ ಹಣದಲ್ಲಿ ನಮ್ಮ ಒಂದು ದಿನದ ಪಗಾರನ್ನು ಮೊದಲು ಬರೆದುಕೊಳ್ಳಿರಿ. ಉಳಿದುದಕ್ಕೆ ಡಬ್ಬಿಯನ್ನು ಬಾಗಿಲ ಬಳಿ ಇಟ್ಟಿದ್ದೇವೆ. ವ್ಯಾನಿನಲ್ಲಿ ಜನ ಮಾತ್ರ ಹೋಗಲಿ. ಹೊರಡುವ ಮೊದಲು ಬ್ರೇಕಿನ ಎಣ್ಣೆ, ರಬ್ಬರ್ ಕೊಳವೆ, ಫ್ಯಾನ್ ಬೆಲ್ಟುಗಳನ್ನು ನೋಡಿಸಲಿ. ಒಂದು ಬೆಲ್ಟು, ನೀರು, ಟಾರ್ಚು, ಗಾಲಿಗೆ ಕೊಡಲು ಎರಡು ಕಟ್ಟಿಗೆಯ ತುಂಡು ಜೊತೆಗಿರಲಿ. ಘಾಟು ಏರಿದ ಗೇರಿನಲ್ಲೇ ಇಳಿಯಲಿ. ರಜೆ ಮುಗಿಯುವ ದಿನವೇ ತಿರುಗಿ ಹೊರಡುವ ಬದಲು ಒಂದು ದಿನ ಮೊದಲು ಹೊರಡಲಿ.

ಇದರಿಂದ ಹಳೆಯ ಗಾಡಿಯ ಮೇಲೆ ನಮಗೆ ಅವಿಶ್ವಾಸವೆಂದು ತಿಳಿಯಬಾರದು. ಆ ರಾತ್ರಿ ನಮ್ಮನ್ನು ಉಳಿಸಿದ್ದು ಅದೇ ಹಳೆಯ ಎಂಜಿನ್ನು, ಅದರ ಗುಣ ಬಲ್ಲ ಅಣ್ಣಾರ ಕೈ. ಕೆಟ್ಟದ್ದು ನಮ್ಮ ಅವಸರ.

ಆ ಮುದುಕರು ನಿಪ್ಪಾಣಿಯಿಂದ ಆಗಾಗ ಫೋನು ಮಾಡುತ್ತಾರೆ. ಕೂಸಿಗೆ ಹಲ್ಲು ಬಂದಿದೆಯಂತೆ. ಮುಂದಿನ ದಸರೆಗೆ ಹೋಗುವಾಗ ಅವರ ಮನೆಯಲ್ಲಿ ಊಟ ಮಾಡಿಯೇ ಮುಂದೆ ಹೋಗಬೇಕೆಂದು ಕಟ್ಟಪ್ಪಣೆ ಮಾಡಿದ್ದಾರೆ. ನಾವು ಒಪ್ಪಿದ್ದೇವೆ.