ಪಹಣಿಯಲ್ಲಿ ಇಲ್ಲದವರ ಊರು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು. ಗೆಳೆಯರು ಕೇಳಿದ್ದರಿಂದ ಬರೆದುಕೊಟ್ಟಿದ್ದೇನೆ.)



ಕವಿ ಅಂತ ಕರೆದು ನನ್ನನ್ನು ಇಲ್ಲಿ ನಿಲ್ಲಿಸಿದ್ದೀರಿ. ಇವತ್ತು ಪದ್ಯ ಓದೋದಿಲ್ಲ. ಒಂದು ಸರ್ಕಾರಿ ಕಾಗದ ತಂದಿದ್ದೇನೆ. ಇದರಲ್ಲಿ ಪ್ರಾಸ ಇಲ್ಲ, ಲಯ ಇಲ್ಲ. ಆದರೆ ಇದರಷ್ಟು ಜನರ ನಿದ್ದೆ ಕೆಡಿಸಿದ ಬರಹ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ.

2025ರ ಮಾರ್ಚಿನಲ್ಲಿ ಹೊರಟ ಅಧಿಸೂಚನೆ ಇದು. ಬಿಡದಿ ಹತ್ತಿರ ಬೈರಮಂಗಲ, ಕಂಚುಗಾರನಹಳ್ಳಿ ಸುತ್ತಮುತ್ತಲ ಹಳ್ಳಿಗಳ ಸುಮಾರು 9,000 ಎಕರೆಯಲ್ಲಿ ಉಪನಗರ ಕಟ್ಟುವ ಯೋಜನೆ. ಮಾತು ಹೊಸದಲ್ಲ. 2006ರಲ್ಲೇ ಬೆಂಗಳೂರಿನ ಸುತ್ತ ಐದು ಉಪನಗರ ಅಂದಿದ್ದರು: ಬಿಡದಿ, ರಾಮನಗರ, ಸೋಲೂರು, ಸಾತನೂರು, ನಂದಗುಡಿ. ಆಗ ನಾನು ಅಂಗನವಾಡಿಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದೆ. ದೊಡ್ಡ ಕಂಪನಿ ಬಂತು, ಬಿಟ್ಟುಹೋಯಿತು. ಸರ್ಕಾರಗಳು ಬಂದವು, ಹೋದವು. ನಕ್ಷೆಯ ಮೇಲೆ ಎಳೆದ ಗೆರೆ ಮಾತ್ರ ಅಳಿಸಲಿಲ್ಲ. ನಾನು ಅಂಗನವಾಡಿಯಿಂದ ಬಿ.ಎ. ಮುಗಿಸುವ ತನಕ ನಮ್ಮ ಕಡೆಯವರು ಆ ಗೆರೆಯ ಒಳಗೇ ಬದುಕಿದರು.

ಈಗ ಈ ಕಾಗದದಲ್ಲಿರುವ ಕಲಂಗಳನ್ನು ನೋಡಿ. ಸರ್ವೆ ನಂಬರು. ಖಾತೆದಾರನ ಹೆಸರು. ಎಕರೆ, ಗುಂಟೆ. ಚಕ್ಕುಬಂದಿ. ಅಷ್ಟೆ. ನಮ್ಮ ಕೇರಿಯಿಂದ ಇದರೊಳಗೆ ಹೆಸರು ಬಂದಿರುವ ಮನೆಗಳನ್ನು ಒಂದು ಕೈಬೆರಳಲ್ಲಿ ಎಣಿಸಬಹುದು. ಉಳಿದವರಿಗೆ ನೋಟಿಸೇ ಬಂದಿಲ್ಲ. ಯಾಕೆ ಅಂದರೆ ಕಳಕೊಳ್ಳೋದಕ್ಕೆ ಅವರ ಹತ್ತಿರ ಏನೂ ಇಲ್ಲ ಅಂತ ಕಾಗದದ ಲೆಕ್ಕ.

ನಮ್ಮವ್ವ ಈ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಓದಕ್ಕೆ ಬರಲ್ಲ ಅವಳಿಗೆ. ಕೇಳಿದಳು: "ಇದ್ರಾಗೆ ಬದದ ಮ್ಯಾಲಿನ ಹುಲ್ಲು ಯಾರ ಹೆಸರಲ್ಲಿ ಬರ್ದವ್ರೆ ಮಗ?"

ನನಗೆ ಉತ್ತರ ಗೊತ್ತಾಗಲಿಲ್ಲ. ನಮ್ಮ ಮನೆಯಲ್ಲಿ ಒಂದು ಸೀಮೆಹಸು ಉಂಟು, ಪಾಲಿಗೆ ಸಾಕಿದ್ದು. ಬೆಳಿಗ್ಗೆ ಕೂಲಿಗೆ ಹೋದವಳು ಬರುವಾಗ ಬದದಲ್ಲಿ ಕೊಯ್ದ ಒಂದು ಹೊರೆ ಹುಲ್ಲು ತರುತ್ತಾಳೆ. ಆ ಹುಲ್ಲಿನಿಂದ ಹಾಲು, ಹಾಲಿನಿಂದ ಡೈರಿ ದುಡ್ಡು, ಆ ದುಡ್ಡಿನಿಂದ ನನ್ನ ಪರೀಕ್ಷೆ ಫೀಜು. ನನ್ನ ಡಿಗ್ರಿ ಬೇರೆಯವರ ಬದದ ಮೇಲೆ ಬೆಳೆದದ್ದು ಗೆಳೆಯರೆ. ಆ ಬದ 9,000 ಎಕರೆ ಒಳಗಿದೆ. ಹುಲ್ಲಿಗೆ ಸರ್ವೆ ನಂಬರಿಲ್ಲ.

ಇನ್ನೊಂದು ಮಾತು. ಬೆಂಗಳೂರು ನಮ್ಮ ಕಡೆಗೆ ಈಗ ಬರುತ್ತಿದೆ ಅಂತ ಪೇಪರಿನವರು ಬರೀತಾರೆ. ಸುಳ್ಳು. ಬೆಂಗಳೂರು ಬಂದು ಬಹಳ ವರ್ಷ ಆಯಿತು, ವೃಷಭಾವತಿಯ ಮೂಲಕ ಬಂತು. ನಗರದ ಕಕ್ಕಸು, ಬಚ್ಚಲು, ಕಾರ್ಖಾನೆಯ ಕೊಳೆ ಎಲ್ಲ ಹೊತ್ತು ತಂದು ಬೈರಮಂಗಲದ ಕೆರೆಗೆ ಸುರಿಯಿತು. ಬೇಸಾಯಕ್ಕೆ ಅಂತ ಕಟ್ಟಿದ ಕೆರೆ ನೊರೆ ಕಕ್ಕಿತು. ಆ ನೀರಿನಲ್ಲೇ ಹುಲ್ಲು, ಹಿಪ್ಪುನೇರಳೆ, ಬೇಬಿಕಾರ್ನ್ ಬೆಳೆದರು. ಆ ನೀರಿಗೆ ಇಳಿದು ಕಳೆ ಕಿತ್ತವರು ಯಾರು? ನಮ್ಮ ಹೆಂಗಸರು. ಅವರ ಕಾಲು ನೋಡಿ ಬನ್ನಿ ಒಂದು ಸಲ. ಮೊದಲು ಕೊಳೆ ಕಳಿಸಿದರು, ಈಗ ಕೊಳೆ ಕಳಿಸಿದವರೇ ಮನೆ ಕಟ್ಟಲು ಬರುತ್ತಿದ್ದಾರೆ.

ಇಷ್ಟು ಹೇಳಿದಾಗ ನಿಮ್ಮಲ್ಲಿ ಒಬ್ಬ ತಮ್ಮ ಎದ್ದು ಕೇಳಿದ: "ಅಣ್ಣ, ಊರು ಹಾಳಾಗಿ ಹೋಗ್ಲಿ ಬಿಡಿ. ನಮಗೇನು ಕೊಟ್ಟಿದೆ ಆ ಊರು? ಸಿಟಿ ಬಂದ್ರೆ ಜಾತಿ ಕೇಳೋರಿರಲ್ಲ." ಈ ಪ್ರಶ್ನೆ ಸಣ್ಣದಲ್ಲ. ನಾನೂ ರಾತ್ರಿಯೆಲ್ಲ ಈ ಪ್ರಶ್ನೆ ಹೊದ್ದುಕೊಂಡು ಮಲಗಿದ್ದೇನೆ. ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹೊಗಳುವವರ ಮುಖಕ್ಕೇ ಹೇಳಿದರು, ಹಳ್ಳಿ ಅಂದರೆ ಅಜ್ಞಾನ, ಸಂಕುಚಿತ ಬುದ್ಧಿಯ ಗೂಡು ಅಂತ. ಅವರು ಹೇಳಿದ್ದರಲ್ಲಿ ಒಂದಕ್ಷರ ತೆಗೆಯುವ ಹಾಗಿಲ್ಲ. ನಮ್ಮೂರ ಹೋಟೆಲಿನಲ್ಲಿ ನಮ್ಮಪ್ಪ ಲೋಟ ತೊಳೆದಿಟ್ಟು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಊರಿಗಾಗಿ ನಾನು ಅಳೋದಿಲ್ಲ. ಅರಳಿಕಟ್ಟೆ, ತಂಪು ಗಾಳಿ, ಹಳ್ಳಿಯ ಸೊಗಸು ಅಂತ ಪದ್ಯ ಬರೆಯೋ ಕವಿಗಳು ಬೇರೆ ಇದ್ದಾರೆ, ಅವರು ಅಳಲಿ.

ಆದರೆ ತಮ್ಮ, ಊರು ಬಿಡುವುದು ಬೇರೆ, ಊರಿಂದ ಎತ್ತಿ ಬಿಸಾಡಿಸಿಕೊಳ್ಳುವುದು ಬೇರೆ. ಬೆಂಗಳೂರಿನ ಬಡಾವಣೆಗಳ ನಡುವೆ ನಡೆದು ನೋಡು. ಮೂರು ನಾಲ್ಕು ಮಹಡಿಗಳ ಹಿಂದೆ ಒಂದು ಸಂದಿ ಸಿಗುತ್ತೆ. ಅಲ್ಲೊಂದು ನಲ್ಲಿ, ಸಣ್ಣ ಮಾರಮ್ಮನ ಗುಡಿ, ಒತ್ತೊತ್ತಿಗೆ ಮನೆ. ಅದು ಹಳೇ ಊರಿನ ಕೇರಿ. ಊರು ಕರಗಿಹೋಗಿದೆ, ಕೇರಿ ಹಾಗೇ ಇದೆ. ಬೆಳಗಿನ ಜಾವ ಆ ಸಂದಿಯಿಂದ ಪೊರಕೆ ಹಿಡಿದು ಹೊರಗೆ ಬರುವವರು ಯಾರು? ಸಿಟಿ ಜಾತಿ ಕೇಳೋದಿಲ್ಲ ಅಂದೆಯಲ್ಲ, ಅದಕ್ಕೆ ಕೇಳದೇ ಗೊತ್ತಾಗುತ್ತೆ.

ಈ ಉಪನಗರದ ವಿರುದ್ಧ ರೈತರು 2025ರಲ್ಲಿ ಬೈರಮಂಗಲದಲ್ಲಿ ಧರಣಿ ಕೂತರು. ಒಂದು ದಿನ ನಾನೂ ಹೋದೆ. ನಮ್ಮೂರ ಕಡೆಯ ಒಬ್ಬ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈ ಹಾಕಿದರು. "ನಾವೆಲ್ಲ ಒಂದೇ ಊರ ಮಕ್ಳು ಕಣಪ್ಪ" ಅಂದರು. ಜೀವಮಾನದಲ್ಲಿ ಮೊದಲ ಸಲ ಆ ಕೈ ನನ್ನ ಹೆಗಲಿಗೆ ಬಂದದ್ದು. ನಾನು ಕುಹಕ ಮಾಡುತ್ತಿಲ್ಲ. ಅವರಿಗಿರೋದು ಒಂದೂವರೆ ಎಕರೆ. ಅವರ ಕಣ್ಣಲ್ಲಿ ನೀರಿತ್ತು, ಆ ನೀರು ಸುಳ್ಳಲ್ಲ. ನಾನು ಕೇಳಿದೆ: "ಯಜಮಾನ್ರೆ, ಮನವಿಯಲ್ಲಿ ಕೂಲಿಯವರ ಪಟ್ಟೀನೂ ಸೇರಿಸೋಣ. ಪಾಲಿಗೆ ಮಾಡೋರು, ಹಸು ಸಾಕೋರು, ಎಲ್ಲರ ಹೆಸರೂ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಆಮ್ಯಾಕೆ ನೋಡನ, ಮೊದ್ಲು ಭೂಮಿ ಉಳೀಲಿ" ಅಂದರು.

ಈ "ಆಮ್ಯಾಕೆ" ನಮಗೆ ಹೊಸದಲ್ಲ.

ಹಾಗಂತ ಧರಣಿಯಿಂದ ಎದ್ದು ಬರಬೇಕೆ? ಬೇಡ. ಕೂರಬೇಕು, ನಮ್ಮ ಪಟ್ಟಿ ಕೈಯಲ್ಲಿ ಹಿಡಿದು ಕೂರಬೇಕು. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳವರು 1,777 ಎಕರೆಗಾಗಿ ಮೂರು ವರ್ಷಕ್ಕೂ ಮೇಲೆ ಕೂತರು. ಆ ಸಾಲಿನಲ್ಲಿ ದಲಿತ ಸಂಘಟನೆಗಳೂ ಇದ್ದವು. 2025ರ ಜುಲೈ 15ರಂದು ಮುಖ್ಯಮಂತ್ರಿಯೇ ಸ್ವಾಧೀನ ಕೈಬಿಡುತ್ತೇವೆ ಅನ್ನಬೇಕಾಯಿತು. ಅಲ್ಲಿ ಕೇಳಿದ್ದು ಕೈಗಾರಿಕೆಗೆ, ಇಲ್ಲಿ ಕೇಳುತ್ತಿರೋದು ನಗರಕ್ಕೆ. ಕೂತವರಿಗೆ ಮಾತ್ರ ಎರಡೂ ಒಂದೇ.

ಈಗ ಕಾನೂನಿನ ಮಾತು. ಬೇಜಾರು ಮಾಡಿಕೊಳ್ಳಬೇಡಿ, ಇದು ಪರೀಕ್ಷೆಗೆ ಬರೋದಿಲ್ಲ, ಬದುಕಿಗೆ ಬರುತ್ತೆ. 2013ರ ಭೂಸ್ವಾಧೀನ ಕಾಯ್ದೆ 2014ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಬಾಧಿತ ಕುಟುಂಬ ಅಂದರೆ ಬರೀ ಖಾತೆದಾರ ಅಲ್ಲ. ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಆ ಜಾಗದಲ್ಲೇ ದುಡಿದು ಬದುಕಿದ ಕೂಲಿಯವರು, ಗೇಣಿದಾರರು, ಪಾಲುಗಾರರು, ಕಸುಬುದಾರರು ಎಲ್ಲರೂ ಸೇರುತ್ತಾರೆ. ಆದರೆ ಈ ನೋಟಿಸು ಬಂದಿರೋದು 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯ ಬಾಗಿಲಿಂದ. ಅದರಲ್ಲಿ ಖಾತೆದಾರನಿಗೆ ಮಾತ್ರ ಕುರ್ಚಿ. ಯಾವ ಬಾಗಿಲಿಂದ ಬಂದರೂ ನಮ್ಮನ್ನು ಎಣಿಸಿ ಅನ್ನೋದು ನಮ್ಮ ವಾದ.

ಇನ್ನು ದರಖಾಸ್ತು ಜಮೀನು. ನಮ್ಮಜ್ಜನಿಗೆ ಎರಡು ಎಕರೆ ಮಂಜೂರಾಗಿತ್ತು. ಅತ್ತೆಯ ಮದುವೆ ಸಾಲಕ್ಕೆ ಒಂದು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿ ಬಿಟ್ಟುಕೊಟ್ಟ. ಇವತ್ತು ಆ ನೆಲ ಕೊಂಡವರ ಹೆಸರಲ್ಲಿದೆ, ಪರಿಹಾರದ ಚೆಕ್ಕೂ ಅವರಿಗೇ ಹೋಗುತ್ತೆ. ಆದರೆ ನಮ್ಮವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯ ಪರಭಾರೆ ತಡೆಯೋಕೆ 1978ರ ಕಾಯ್ದೆ ಇದೆ, ಪಿ.ಟಿ.ಸಿ.ಎಲ್. ಅಂತಾರೆ. ತಡವಾಗಿ ಬಂದಿರಿ ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ನಮ್ಮವರ ಕೇಸುಗಳು ಸಾಲಾಗಿ ಬಿದ್ದವು. ಹೋರಾಟ ಮಾಡಿ 2023ರಲ್ಲಿ ತಿದ್ದುಪಡಿ ತರಿಸಿದರು, ಕಾಲಮಿತಿ ಇಲ್ಲ ಅಂತ. ಚೆಕ್ಕು ಬರೆಯೋಕೆ ಮುಂಚೆ ತಕರಾರು ಅರ್ಜಿ ಹಾಕಬೇಕು, ಬರೆದ ಮೇಲೆ ಹಾಕಿದರೆ ಅಲೆದಾಟ.

ಬಗರ್ ಹುಕುಂ ಮಾಡುವವರ ಗೋಳು ಇನ್ನೊಂದು. ಬೆಂಗಳೂರು ಪಾಲಿಕೆ ಎಲ್ಲೆಯಿಂದ 18 ಕಿಲೋಮೀಟರ್ ಒಳಗೆ ಸಾಗುವಳಿ ಸಕ್ರಮ ಇಲ್ಲ. ಅಂದರೆ ನಗರದ ಎಲ್ಲೆ ಮುಂದಕ್ಕೆ ಜರುಗಿದ ಹಾಗೆ ನಮ್ಮ ಅರ್ಜಿಗಳು ಕೂತಲ್ಲೇ ಸಾಯುತ್ತವೆ. ಉಳುವವನು ಒಂದು ಹೆಜ್ಜೆ ಅಲ್ಲಾಡಿರೋದಿಲ್ಲ, ಊರೇ ಅವನ ಕಡೆ ನಡೆದು ಬಂದಿರುತ್ತೆ. ನಮ್ಮ ಹೆಣ ಹೂಳುವ ಜಾಗದ ಕತೆಯೂ ಇದೇ. ಕೆರೆ ಅಂಗಳದಲ್ಲಿ ತಾತ ಮುತ್ತಾತರು ಮಲಗಿದ್ದಾರೆ, ಕಾಗದದಲ್ಲಿ ಅದು ಖರಾಬು.

ಆದ್ದರಿಂದ ನೀವು ರಜಕ್ಕೆ ಊರಿಗೆ ಹೋದಾಗ ಮಾಡಬೇಕಾದ ಕೆಲಸ ಉಂಟು. ಅಜ್ಜಿಯ ಪೆಟ್ಟಿಗೆ ತೆಗೆಸಿ. ಸಾಗುವಳಿ ಚೀಟಿ, ಕಂದಾಯ ರಸೀದಿ, ಹಳೇ ಕೈಬರಹದ ಪಹಣಿ ಏನಿದ್ದರೂ ಜೆರಾಕ್ಸ್ ಮಾಡಿಸಿ. ಪಹಣಿಯಲ್ಲಿ 9ನೇ ಕಲಂ ಮಾತ್ರ ನೋಡಿ ಸುಮ್ಮನಾಗಬೇಡಿ, 12ನೇ ಕಲಂ ನೋಡಿ. ಉಳುಮೆ ಯಾರದು ಅಂತ ಅಲ್ಲಿ ಬರೆದಿರುತ್ತೆ, ಕೆಲವು ಕಡೆ ನಮ್ಮವರ ಹೆಸರು ಅಲ್ಲಿ ಉಸಿರಾಡುತ್ತಾ ಇರುತ್ತೆ. ಪೆಟ್ಟಿಗೆ ಗೆದ್ದಲು ತಿಂದಿದ್ದರೆ ತಾಲ್ಲೂಕು ಕಚೇರಿ ರೆಕಾರ್ಡ್ ರೂಮಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಬರೆಯೋಕೆ ನಾನು ಬರ್ತೀನಿ.

ಕೇರಿಯ ಪಟ್ಟಿ ನಾವು ಶುರು ಮಾಡಿದ್ದೇವೆ. ಕಲಂ ನಾವೇ ಹಾಕಿಕೊಂಡಿದ್ದೇವೆ: ಹೆಸರು, ಯಾರ ಹೊಲದಲ್ಲಿ ಕೂಲಿ, ಎಷ್ಟು ವರ್ಷದಿಂದ, ಹಸು ಕುರಿ ಎಷ್ಟು, ಸತ್ತವರನ್ನು ಎಲ್ಲಿ ಮಣ್ಣು ಮಾಡಿದ್ದು. ಅವ್ವ ಹೇಳಿದ್ದಕ್ಕೆ ಇನ್ನೊಂದು ಕಲಂ ಸೇರಿಸಿದೆ, ಹುಲ್ಲು ಎಲ್ಲಿಂದ ಅಂತ. ಮೊದಲ ಹಾಳೆ ತುಂಬಿದೆ. ಎರಡನೇ ಹಾಳೆ ಇಲ್ಲಿದೆ, ಆ ಸುತ್ತಿನ ಹಳ್ಳಿಯವರು ಯಾರಾದರೂ ಇದ್ದರೆ ಸಭೆ ಮುಗಿದ ಮೇಲೆ ಹತ್ತಿರ ಬನ್ನಿ. ಪೆನ್ನು ನಿಮ್ಮದೇ ತನ್ನಿ, ನನ್ನದರಲ್ಲಿ ಇಂಕು ಕಮ್ಮಿಯಾಗಿದೆ.