ಬಿದ್ದ ಹಲ್ಲು ಲೆಕ್ಕಕ್ಕೆ ಸಿಗುವುದಿಲ್ಲ
(ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ರೋಗಿಗಳು ಹಾಗೂ ಅವರ ಸಂಬಂಧಿಕರಿಗಾಗಿ ದಂತ ವೈದ್ಯರು ನೀಡಿದ ಉಪನ್ಯಾಸದ ಬರಹರೂಪ)



ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದೀರಿ. ನಿಮ್ಮ ಸರತಿ ಬರುವವರೆಗೆ ಒಸಡಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಒಬ್ಬ ಹಿರಿಯರು ಪರೀಕ್ಷೆಗೆ ಬಂದಾಗ ಹೀಗೆಂದರು: "ಮೊದ್ಲ ಹಲ್ಲ ತಿಕ್ಕಿದ್ರ ರಕ್ತ ಬರ್ತಿತ್ರಿ. ಈಗ ಹಲ್ಲೂ ಹೋದ್ವು, ತ್ರಾಸೂ ಹೋಯ್ತು. ಆರಾಮ ಅದ ನೋಡ್ರಿ." ಸುತ್ತ ಕುಳಿತವರು ನಕ್ಕರು. ಆದರೆ ಊರೂರಿನ ಒಸಡಿನ ರೋಗವನ್ನು ಲೆಕ್ಕ ಹಾಕುವ ಸಮೀಕ್ಷೆಗಳಲ್ಲಿಯೂ ಬಹುಮಟ್ಟಿಗೆ ಹೀಗೆಯೇ ಆಗುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ಅದು ಹೇಗೆಂದು ನೋಡೋಣ.

ವಿಶ್ವ ಆರೋಗ್ಯ ಸಂಸ್ಥೆಯು ಜನಸಮುದಾಯದ ಒಸಡಿನ ಸ್ಥಿತಿಯನ್ನು ಅಳೆಯಲು ಒಂದು ಸುಲಭ ವಿಧಾನವನ್ನು ಬಳಕೆಗೆ ತಂದಿತು. 1982ರಲ್ಲಿ ಪ್ರಕಟವಾದ ಇದಕ್ಕೆ ಈಗ ಸಿ.ಪಿ.ಐ. ಎನ್ನುತ್ತಾರೆ. ಅದಕ್ಕೊಂದು ತೆಳ್ಳಗಿನ ಕಡ್ಡಿ ಇದೆ. ಅದರ ತುದಿಯಲ್ಲಿ ಅರ್ಧ ಮಿಲಿಮೀಟರಿನ ಗುಂಡು, ಮೇಲೆ ಮೂರೂವರೆಯಿಂದ ಐದೂವರೆ ಮಿಲಿಮೀಟರಿನವರೆಗೆ ಕಪ್ಪು ಪಟ್ಟಿ. ಅದನ್ನು 20 ಗ್ರಾಂ ಭಾರಕ್ಕಿಂತ ಹೆಚ್ಚು ಒತ್ತಬಾರದು. ಆದ್ದರಿಂದ ಶಿಬಿರದಲ್ಲಿ ಈ ಕಡ್ಡಿ ಕಂಡರೆ ಹೆದರುವ ಕಾರಣವಿಲ್ಲ.

ಬಾಯಿಯನ್ನು ಆರು ಭಾಗ ಮಾಡಿ, ಪ್ರತಿ ಭಾಗಕ್ಕೂ ಅಲ್ಲಿ ಕಂಡ ಅತಿ ಕೆಟ್ಟ ಸ್ಥಿತಿಯ ಅಂಕಿ ಕೊಡುತ್ತಾರೆ. ಒಸಡು ಆರೋಗ್ಯವಾಗಿದ್ದರೆ 0. ಕಡ್ಡಿ ತಾಗಿದ ಮೇಲೆ ರಕ್ತ ಬಂದರೆ 1. ಹಲ್ಲಿಗೆ ಗಾರೆಯಂತೆ ಗಟ್ಟಿಯಾದ ಪಾಚಿ ಅಂಟಿದ್ದರೆ 2. ಹಲ್ಲು ಮತ್ತು ಒಸಡಿನ ನಡುವೆ 4ರಿಂದ 5 ಮಿಲಿಮೀಟರ್ ಆಳದ ಕಿಸೆ ಬಿದ್ದಿದ್ದರೆ 3. ಕಿಸೆ 6 ಮಿಲಿಮೀಟರ್ ಅಥವಾ ಹೆಚ್ಚು ಆಳವಿದ್ದರೆ 4. ವೈದ್ಯರು ಪಾಕೆಟ್ ಎನ್ನುವುದು ಈ ಕಿಸೆಗೇ.

ನಮ್ಮ ದೇಶದಲ್ಲಿ ಭಾರತೀಯ ದಂತ ವೈದ್ಯಕೀಯ ಪರಿಷತ್ತು 2002-03ರಲ್ಲಿ ರಾಷ್ಟ್ರೀಯ ಬಾಯಿ ಆರೋಗ್ಯ ಸಮೀಕ್ಷೆ ನಡೆಸಿತು. ನೀರಿನಲ್ಲಿರುವ ಫ್ಲೋರೈಡ್ ಅಂಶವನ್ನೂ ಆಗ ಗುರುತಿಸಲಾಯಿತು. ಆ ಕಾಲಕ್ಕೆ ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳು. ಯಾದಗಿರಿ ಜಿಲ್ಲೆ ಕಾರ್ಯಾರಂಭ ಮಾಡಿದ್ದು 2010ರಲ್ಲಿ. ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಮಕ್ಕಳ ಹಲ್ಲು ಹಳದಿ, ಕಂದು ಬಣ್ಣಕ್ಕೆ ತಿರುಗುತ್ತವೆ. ಅದು ಪಾಚಿಯಲ್ಲ, ಒಸಡಿನ ರೋಗವೂ ಅಲ್ಲ. ಇಟ್ಟಿಗೆ ಪುಡಿ, ಇದ್ದಿಲಿನಿಂದ ಎಷ್ಟು ತಿಕ್ಕಿದರೂ ಆ ಬಣ್ಣ ಹೋಗದು. ಹಲ್ಲು ಮಾತ್ರ ಸವೆಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಿ.ಪಿ.ಐ. ನಿಯಮದ ಪ್ರಕಾರ ಆರರಲ್ಲಿ ಒಂದು ಭಾಗವನ್ನು ಲೆಕ್ಕಕ್ಕೆ ಹಿಡಿಯಬೇಕಾದರೆ ಅಲ್ಲಿ ಕನಿಷ್ಠ ಎರಡು ಹಲ್ಲುಗಳಿರಬೇಕು. ಅವು ಕೀಳಿಸುವ ಸ್ಥಿತಿಯಲ್ಲಿಯೂ ಇರಬಾರದು. ಇಲ್ಲದಿದ್ದರೆ ಆ ಭಾಗವನ್ನು ಹೊರಗಿಡುತ್ತಾರೆ. ಇದರ ಅರ್ಥವೇನು? ಒಸಡಿನ ರೋಗ ಬಲಿತು ಹಲ್ಲು ಉದುರಿದವರ ಅತಿ ಕೆಟ್ಟ ಭಾಗವೇ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಉಳಿದ ಗಟ್ಟಿ ಹಲ್ಲುಗಳು ಮಾತ್ರ ಸಾಕ್ಷಿ ಹೇಳುತ್ತವೆ. ಆದ್ದರಿಂದ ವಯಸ್ಸಾದವರಲ್ಲಿ ಆಳದ ಕಿಸೆ ಕಡಿಮೆ ಕಂಡಿತೆಂದರೆ ಅವರ ಒಸಡು ಚೆನ್ನಾಗಿದೆ ಎಂದು ಹೇಳಲಾಗದು.

ಇನ್ನೊಂದು ಮೋಸವೂ ಇದೆ. ಬಾವಿಯ ಆಳವನ್ನು ದಂಡೆಯಿಂದ ಅಳೆಯುತ್ತೇವೆ. ದಂಡೆಯೇ ಕುಸಿದರೆ ಹಗ್ಗ ಕಡಿಮೆ ಸಾಕಾಗುತ್ತದೆ. ಆದರೆ ನೀರು ಮೇಲೆ ಬಂದಿರುವುದಿಲ್ಲ. ಹಾಗೆಯೇ ಒಸಡು ಸರಿದು ಬೇರು ಕಾಣತೊಡಗಿದರೆ ಕಿಸೆಯ ಆಳ ಕಡಿಮೆ ಕಾಣುತ್ತದೆ. ಹಲ್ಲನ್ನು ಹಿಡಿದಿದ್ದ ಎಲುಬು ಮಾತ್ರ ಕರಗಿರುತ್ತದೆ. ಇದಕ್ಕಾಗಿಯೇ 1997ರ ಕೈಪಿಡಿಯಲ್ಲಿ ಹಲ್ಲಿನ ಹಿಡಿತ ಎಷ್ಟು ತಪ್ಪಿದೆ ಎಂಬುದನ್ನು ಬೇರೆಯಾಗಿ ಅಳೆಯುವ ಕ್ರಮ ಸೇರಿತು. 2013ರ ಆವೃತ್ತಿಯಲ್ಲಿ ಪಾಚಿಯ ಅಂಕಿಯನ್ನು ಕೈಬಿಟ್ಟು, ರಕ್ತಸ್ರಾವ ಮತ್ತು ಕಿಸೆಯನ್ನು ಪ್ರತಿ ಹಲ್ಲಿಗೂ ಬೇರೆ ಬೇರೆಯಾಗಿ ಬರೆಯುವಂತೆ ಮಾಡಲಾಯಿತು.

ಹಾಗಾದರೆ ಸಮೀಕ್ಷೆ ವ್ಯರ್ಥವೇ? ಖಂಡಿತ ಅಲ್ಲ. ಎಲ್ಲಿ ಎಷ್ಟು ಜನರಿಗೆ ಪಾಚಿ ತೆಗೆಯಬೇಕು, ಎಷ್ಟು ವೈದ್ಯರು ಬೇಕು ಎಂದು ಅಂದಾಜು ಮಾಡಲು ಅದು ಬೇಕೇ ಬೇಕು. ಆದರೆ ಅದು ಊರಿನ ಲೆಕ್ಕ. ನಿಮ್ಮ ಬಾಯಿಯ ಚಿಕಿತ್ಸೆಗೆ ಆ ಚೀಟಿಯೊಂದೇ ಸಾಲದು.

ಆಸ್ಪತ್ರೆಯ ಲೆಕ್ಕ ಬೇರೆ. 2017ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ತಜ್ಞರು ಸೇರಿ ಹೊಸ ವರ್ಗೀಕರಣ ಒಪ್ಪಿದರು. ಅದರಲ್ಲಿ ರೋಗಕ್ಕೆ ನಾಲ್ಕು ಹಂತಗಳಿವೆ. ಇಲ್ಲಿ ಬಿದ್ದ ಹಲ್ಲನ್ನೂ ಎಣಿಸುತ್ತಾರೆ. ಒಸಡಿನ ರೋಗದಿಂದಲೇ 5 ಅಥವಾ ಹೆಚ್ಚು ಹಲ್ಲು ಹೋಗಿದ್ದರೆ ಅದು ಕೊನೆಯ ಹಂತದ ಲಕ್ಷಣ. ಸಿಹಿಮೂತ್ರ ಮತ್ತು ಬೀಡಿ-ಸಿಗರೇಟನ್ನೂ ಗಣನೆಗೆ ತೆಗೆದುಕೊಳ್ಳುತ್ತಾರೆ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಒಸಡು ಬೇಗ ಕೆಡುತ್ತದೆ. ಒಸಡಿನ ಸೋಂಕಿನಿಂದ ಸಕ್ಕರೆಯ ಹತೋಟಿಯೂ ಕಷ್ಟವಾಗುತ್ತದೆ. ಬೀಡಿ ಸೇದುವವರ ಒಸಡಿನಿಂದ ರಕ್ತ ಕಡಿಮೆ ಬರುವುದುಂಟು. ಅದನ್ನು ಆರೋಗ್ಯವೆಂದು ತಿಳಿಯಬೇಡಿ.

ಆದರೆ ಬಿದ್ದ ಹಲ್ಲಿನ ಕಥೆಯನ್ನು ಯಂತ್ರ ಹೇಳಲಾರದು, ನೀವೇ ಹೇಳಬೇಕು. ಅಲ್ಲಾಡಿ ತಾನಾಗಿಯೇ ಬಿತ್ತೇ? ಹುಳುಕಾಗಿ ಕೀಳಿಸಿದ್ದೇ? ಪೆಟ್ಟು ಬಿದ್ದು ಮುರಿಯಿತೇ? ಹಿರಿಯರಿಗೆ ನೆನಪಿಲ್ಲದಿದ್ದರೆ ಜೊತೆಗೆ ಬಂದ ಮಗ, ಸೊಸೆ ಹೇಳಿರಿ. ಸಿಹಿಮೂತ್ರ ಇದ್ದವರು ರಕ್ತ ಪರೀಕ್ಷೆಯ ಚೀಟಿ ತನ್ನಿರಿ.

"ಪಾಚಿ ತೆಗೆಸಿದರೆ ಹಲ್ಲು ಸಡಿಲಾಗುತ್ತವೆ" ಎಂದು ಅನೇಕರು ಅಂಜುತ್ತಾರೆ. ಹಲ್ಲು ಮೊದಲೇ ಸಡಿಲಾಗಿರುತ್ತದೆ. ಗಾರೆಯಂಥ ಪಾಚಿ ಅದನ್ನು ಮುಚ್ಚಿಟ್ಟಿರುತ್ತದೆ, ಅಷ್ಟೆ. ರಕ್ತ ಬರುವ ಹಂತದಲ್ಲಿಯೇ ಬಂದರೆ ಒಸಡು ಮೊದಲಿನಂತಾಗುತ್ತದೆ. ಎಲುಬು ಕರಗಿದ ಮೇಲೆ ಬಂದರೆ ಇದ್ದುದನ್ನು ಉಳಿಸಬಹುದು. ಹೋದುದು ತಾನಾಗಿ ಮರಳದು.

ದಿನಕ್ಕೆ ಎರಡು ಸಲ ಮೆತ್ತನೆಯ ಬ್ರಷ್‌ನಿಂದ ತಿಕ್ಕಿರಿ. ಬೇವಿನ ಕಡ್ಡಿ ಬಳಸುವವರು ತುದಿಯನ್ನು ಚೆನ್ನಾಗಿ ಜಗಿದು ಮೆತ್ತಗೆ ಮಾಡಿಕೊಳ್ಳಿರಿ. ತಂಬಾಕು, ಗುಟ್ಕಾ, ಬೀಡಿ ಬಿಡಿರಿ. ಮನೆಗೆ ಹೋದ ಮೇಲೆ ಕನ್ನಡಿಯ ಮುಂದೆ ನಿಂತು ಒಸಡು ನೋಡಿಕೊಳ್ಳಿರಿ. ಕೆಂಪಾಗಿ ಊದಿದ್ದರೆ, ತಿಕ್ಕುವಾಗ ರಕ್ತ ಬಂದರೆ, ನೋವಿಲ್ಲವೆಂದು ಸುಮ್ಮನಿರಬೇಡಿ. ಈ ರೋಗ ಬಹಳ ದಿನ ನೋಯುವುದೇ ಇಲ್ಲ.

ಆ ಹಿರಿಯರ ಬಾಯಲ್ಲಿ ಇನ್ನೂ ಏಳು ಹಲ್ಲು ಉಳಿದಿದ್ದವು. ಆರಾಮ ಇದೆ ಎಂದು ತಿಳಿದು ಅವನ್ನೂ ಕಳೆದುಕೊಳ್ಳುವವರಿದ್ದರು. ಈಗ ಚಿಕಿತ್ಸೆಗೆ ಬರುತ್ತಿದ್ದಾರೆ. ನೀವು ಅಷ್ಟು ತಡ ಮಾಡದೆ, ಎಲ್ಲ ಹಲ್ಲುಗಳೂ ಲೆಕ್ಕಕ್ಕೆ ಸಿಗುವಾಗಲೇ ಬನ್ನಿರಿ.