ಒಬ್ಬನೇ ತೆಗೆಯುವ ಚಿತ್ರ: ಒಂದು ಉಪಕಸುಬು


ನಿಮ್ಮ ಮಕ್ಕಳಲ್ಲಿ ಕೆಲವರು ತಾವೇ ವಿಡಿಯೋ ತೆಗೆದು, ತಾವೇ ಧ್ವನಿ ಮುದ್ರಿಸಿ, ತಾವೇ ಜೋಡಿಸಿ ಊರಿನ ಸುದ್ದಿ ಕಳುಹಿಸುತ್ತಾರೆ. ಇದೇ ಕೈಚಳಕದಿಂದ ನರ್ಸರಿ, ಹಾಲಿನ ಸಂಘ, ಬೀಜದ ಅಂಗಡಿಗಳಿಗೆ ಪ್ರಚಾರಚಿತ್ರ ಮಾಡಿಕೊಟ್ಟು ನಾಲ್ಕು ಕಾಸು ಸಂಪಾದಿಸಬಹುದು.

ಎರಡು ಮಾತು ನೆನಪಿರಲಿ. ಬೇರೆ ಕರಾರಿಲ್ಲದಿದ್ದರೆ, ಹಣ ಕೊಟ್ಟು ಮಾಡಿಸಿದವನೇ ಚಿತ್ರದ ಮೊದಲ ಒಡೆಯನೆಂದು 1957ರ ಕೃತಿಸ್ವಾಮ್ಯ ಕಾಯಿದೆ ಹೇಳುತ್ತದೆ. ಕೂಲಿಗೆ ಬಿತ್ತಿದ ಪೈರು ಹೊಲದವನಿಗೇ ಸೇರುತ್ತದಷ್ಟೆ! ಆದುದರಿಂದ ಸಂಭಾವನೆ ಎಷ್ಟು, ಮುಂಗಡ ಎಷ್ಟು, ಎಷ್ಟು ಸಲ ತಿದ್ದಿಕೊಡಬೇಕು, ಚಿತ್ರ ಯಾರದು ಎಂಬುದನ್ನು ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಲಿ.

ಎರಡನೆಯದಾಗಿ, ಹಣ ಪಡೆದು ಮಾಡಿದ್ದನ್ನು ಜಾಹೀರಾತು ಎಂದೇ ತೋರಿಸಬೇಕು. ಸುದ್ದಿಯ ವೇಷದಲ್ಲಿ ಹೊಗಳಿದ ಬೀಜ ಮೊಳೆಯದಿದ್ದರೆ ನಷ್ಟ ನೆರೆಯವನಿಗೆ. ಆಮೇಲೆ ಅವರ ನಿಜವಾದ ಸುದ್ದಿಯನ್ನೂ ಊರು ನಂಬದು.